ಕೋಕ್, ಪೆಪ್ಸಿ ಎದುರು ಬಿಂದು ಜೀರಾ ಬೆಳೆದದ್ದು ಹೇಗೆ?

ಕೋಕ್, ಪೆಪ್ಸಿ ಇರುವಾಗ ದಕ್ಷಿಣ ಕನ್ನಡದ ಪುತ್ತೂರಿನಂಥ ಸಣ್ಣ ಊರಿನ ಜೀರಿಗೆ ಸೋಡಾ ಬಿಂದು ಜೀರಾ ಹೇಗೆ ಗೆದ್ದಿತು ಅಂತ ಕೇಳಿದ್ದೀರಿ. ನಾನು ಆ ಕಡೆಯವನೇ, ನನಗೆ ಕಂಡದ್ದು ಹೇಳುತ್ತೇನೆ.

ನನ್ನ ಪ್ರಕಾರ ಮುಖ್ಯ ಕಾರಣ ರುಚಿ. ನಮ್ಮಲ್ಲಿ ಹೊಟ್ಟೆ ಉಬ್ಬರಿಸಿದರೆ ಅಜ್ಜಿ ಮೊದಲು ಹುಡುಕುವುದೇ ಜೀರಿಗೆ ಡಬ್ಬ. ಎಷ್ಟೋ ಮನೆಗಳಲ್ಲಿ ಚಹಾ ಬದಲು ಜೀರಿಗೆ ಕಷಾಯವೇ. ಹಾಗಾಗಿ ಬಿಂದು ಬಂದಾಗ ಯಾರಿಗೂ ಹೊಸದು ಅನ್ನಿಸಲಿಲ್ಲ. ಮುಚ್ಚಳ ತಿರುಗಿಸಿದ ಕೂಡಲೇ ಹುರಿದ ಜೀರಿಗೆ ಘಮ ಮೂಗಿಗೆ ಹೊಡೆಯುತ್ತದೆ. ಮೊದಲು ಸಿಹಿ, ಹಿಂದೆಯೇ ಉಪ್ಪು, ಆಮೇಲೆ ಗಂಟಲಲ್ಲಿ ಸಣ್ಣ ಖಾರ. ಕೊನೆಗೊಂದು ತೇಗು! ಮದುವೆ ಊಟ ಮುಗಿಸಿದವರಿಗೆ ಬೇಕಾದದ್ದು ಅದೇ ಅಲ್ವಾ?

ಇದನ್ನು ಕಟ್ಟಿದ ಸತ್ಯಶಂಕರ್ ಸುಳ್ಯ ತಾಲೂಕಿನ ಬೆಳ್ಳಾರೆ ಊರಿನವರು. ಮನೆಯಲ್ಲಿ ಬಡತನ, ಪಿಯುಸಿ ನಂತರ ಓದು ನಿಂತಿತು. ಸಾಲ ಮಾಡಿ ಆಟೋ ತೆಗೆದುಕೊಂಡರು. ಸಾಲ ತೀರಿಸಿ, ಆಟೋ ಮಾರಿ ಅಂಬಾಸಿಡರ್ ಕಾರು ಓಡಿಸಿದರು. ಆಮೇಲೆ ಟಯರ್ ವ್ಯಾಪಾರ, ವಾಹನ ಸಾಲದ ಫೈನಾನ್ಸ್. 2000ದಲ್ಲಿ ಪುತ್ತೂರು ಹತ್ತಿರದ ನರಿಮೊಗರಿನಲ್ಲಿ ಬಿಂದು ನೀರಿನ ಬಾಟಲಿ ಶುರು ಮಾಡಿದರು. ಉತ್ತರ ಭಾರತಕ್ಕೆ ಹೋದಾಗ ಜೀರಾ ಸೋಡಾ ಕುಡಿದು ಇದನ್ನು ನಾವೂ ಮಾಡಬಹುದು ಅನ್ನಿಸಿತಂತೆ. 2002ರಲ್ಲಿ ಜೀರಾ ಮಸಾಲ ಬಂತು.

ಆಟೋ ಓಡಿಸಿದವರಿಗೆ ಯಾವ ತಿರುವಿನಲ್ಲಿ ಯಾವ ಗೂಡಂಗಡಿ ಇದೆ, ಜನ ಎಲ್ಲಿ ಇಳಿದು ಬಾಯಾರಿಕೆ ತೀರಿಸಿಕೊಳ್ಳುತ್ತಾರೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಅದೂ ಕೈ ಹಿಡಿಯಿತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಫ್ರಿಜ್ ಇಲ್ಲದೆ ಐಸ್ ಪೆಟ್ಟಿಗೆ ಮಾತ್ರ ಇದ್ದ ಅಂಗಡಿಯಲ್ಲೂ ನಾನು ಬಿಂದು ಕುಡಿದಿದ್ದೇನೆ. ದೊಡ್ಡ ಕಂಪನಿಗಳು ಕೋಲಾ, ಕಿತ್ತಳೆ, ನಿಂಬೆ ಅಂತ ಪೈಪೋಟಿ ಮಾಡುತ್ತಿದ್ದವು, ನಮ್ಮ ಕಡೆ ಜೀರಿಗೆಯ ಜಾಗ ಖಾಲಿ ಇತ್ತು. ಮುಂದೆ ಕೋಕಾ-ಕೋಲಾದವರೂ ರಿಮ್‌ಝಿಮ್ ಹೆಸರಲ್ಲಿ ಜೀರಾ ತಂದರು.

ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಕೋಲಾ ಮುಟ್ಟಿದವರಲ್ಲ. ಆದರೆ ಮನೆಯಲ್ಲಿ ಹೋಳಿಗೆ ಮಾಡುವ ದಿನ ಪೇಟೆಗೆ ಹೊರಟವರನ್ನು ಅಂಗಳದಿಂದಲೇ ಕೂಗಿ ಹೇಳುತ್ತಾರೆ, "ಬರುವಾಗ ಎರಡು ಬಿಂದು ತಾ ಮಾರಾಯ, ತಣ್ಣಗಿದ್ದದ್ದು."