ಪಿಜ್ಜಾದ ತಳ ಹಸಿಯಾಗಿಯೇ ಉಳಿಯುವುದೇಕೆ?

ಪ್ರಶ್ನೆ: ಮನೆಯ ಓವನ್‌ನಲ್ಲಿ ಪಿಜ್ಜಾ ಬೇಯಿಸಿದಾಗ ಮೇಲಿನ ಚೀಸ್ ಕಂದು ಬಣ್ಣಕ್ಕೆ ತಿರುಗಿದರೂ ತಳದ ನಡುಭಾಗ ಬಿಳಿಚಿಕೊಂಡು ಹಸಿಹಸಿಯಾಗಿಯೇ ಉಳಿಯುತ್ತದೆ. ಹಿಟ್ಟಿನಲ್ಲಿ ದೋಷವಿದೆಯೇ?

ಉತ್ತರ: ದೋಷವಿರುವುದು ಬಹುಮಟ್ಟಿಗೆ ಹಿಟ್ಟಿನಲ್ಲಲ್ಲ, ತಳಕ್ಕೆ ತಲುಪುವ ಶಾಖದಲ್ಲಿ. ಸೌದೆಯ ಪಿಜ್ಜಾ ಒಲೆಯ ಉಷ್ಣತೆ 400 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಅಲ್ಲಿ ಒಂದೆರಡು ನಿಮಿಷಗಳಲ್ಲಿ ಪಿಜ್ಜಾ ಬೇಯುತ್ತದೆ. ಮನೆಯ ಓವನ್ ಸಾಮಾನ್ಯವಾಗಿ 250 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಈ ಕೊರತೆಯನ್ನು ತುಂಬಲು ಬೇಕಿಂಗ್ ಕಲ್ಲನ್ನೋ ದಪ್ಪ ಉಕ್ಕಿನ ಹಲಗೆಯನ್ನೋ ಒಳಗಿಟ್ಟು, ಓವನ್ ಅನ್ನು ಗರಿಷ್ಠ ಉಷ್ಣತೆಯಲ್ಲಿ 45 ನಿಮಿಷದಿಂದ ಒಂದು ಗಂಟೆಯವರೆಗೆ ಕಾಯಿಸಿ, ಆ ಬಳಿಕವೇ ಪಿಜ್ಜಾವನ್ನು ನೇರವಾಗಿ ಅದರ ಮೇಲೆ ಜಾರಿಸಬೇಕು. ಓವನ್‌ನ ದೀಪ ಆರಿದೊಡನೆ ಕಲ್ಲೂ ಕಾದಿದೆಯೆಂದು ಭಾವಿಸಬೇಡಿ. ಆ ದೀಪ ತಿಳಿಸುವುದು ಒಳಗಿನ ಗಾಳಿಯ ಬಿಸಿಯನ್ನು ಮಾತ್ರ. ನನ್ನ ಆಯ್ಕೆ ಉಕ್ಕು, ಏಕೆಂದರೆ ಅದು ಕಲ್ಲಿಗಿಂತ ಬಹುಬೇಗ ಶಾಖವನ್ನು ಹಿಟ್ಟಿಗೆ ದಾಟಿಸುತ್ತದೆ. ಇವೆರಡೂ ಇಲ್ಲದಿದ್ದರೆ ಬೀಡು ಕಬ್ಬಿಣದ ದಪ್ಪ ಕಾವಲಿಯನ್ನು ಮಗುಚಿಟ್ಟು ಬಳಸಬಹುದು.

ಇನ್ನೊಂದು ಕಾರಣ ನೀರಿನಂಶ. ತಾಜಾ ಮೊಜರೆಲ್ಲಾವನ್ನು ಅರ್ಧ ಗಂಟೆ ಜರಡಿಯಲ್ಲಿಟ್ಟು ನೀರಿಳಿಸಿ, ಅಣಬೆಯನ್ನು ಮೊದಲೇ ಬಾಡಿಸಿ, ಸಾಸನ್ನು ತೆಳುವಾಗಿ ಸವರಿ.

ತಳದ ಬಣ್ಣಕ್ಕೆ ಮಾತ್ರ ಹಿಟ್ಟಿನ ಪಾತ್ರವೂ ಇದೆ. 500 ಗ್ರಾಂ ಮೈದಾ, 310 ಗ್ರಾಂ ನೀರು, 10 ಗ್ರಾಂ ಉಪ್ಪು ಹಾಗೂ 2 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಸೇರಿಸಿ ನಾದಿದ ಹಿಟ್ಟನ್ನು ಫ್ರಿಜ್‌ನಲ್ಲಿ 24ರಿಂದ 48 ಗಂಟೆ ಇಟ್ಟರೆ, ಕಿಣ್ವಗಳು ಪಿಷ್ಟದ ಒಂದಂಶವನ್ನು ಸಕ್ಕರೆಯಾಗಿ ಒಡೆಯುವುದರಿಂದ ಕಂದುಬಣ್ಣ ಬೇಗ ಮೂಡುತ್ತದೆ. ಲಟ್ಟಿಸುವ ಒಂದೆರಡು ಗಂಟೆ ಮೊದಲು ಅದನ್ನು ಹೊರಗೆ ತೆಗೆದಿಡಿ. ತಣ್ಣನೆಯ ಹಿಟ್ಟು ಹಿಗ್ಗದೆ ಹಿಂದಕ್ಕೆ ಸೆಳೆಯುತ್ತದೆ.