ಜಾನ್ ಸಿಂಕ್ಲೊ ಕುರಿತ ನಿಮ್ಮ ಲೇಖನ

ಮಾನ್ಯ ಲೇಖಕರೇ,

ಷೇಕ್ಸ್‌ಪಿಯರ್ ಕಾಲದ ಪೋಷಕನಟ ಜಾನ್ ಸಿಂಕ್ಲೊನನ್ನು ಕುರಿತು ನೀವು ಕಳುಹಿಸಿದ ಜೀವನಚಿತ್ರವನ್ನು ಎರಡು ಬಾರಿ ಓದಿದೆ. ನಾಯಕನಟ ಬರ್ಬೇಜ್‌ನನ್ನು ಬಿಟ್ಟು ಈ ಸಣಕಲು ಮೈಯ ನಟನನ್ನು ಆರಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಆದರೆ ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ.

ಆರಂಭದ ಬಡ ಬಾಲ್ಯಕ್ಕಾಗಲಿ, ಷೇಕ್ಸ್‌ಪಿಯರ್ ಅವನ ಕೈಹಿಡಿದು ಅಳುವ ಕೊನೆಯ ದೃಶ್ಯಕ್ಕಾಗಲಿ ಯಾವ ದಾಖಲೆಯ ಆಧಾರವೂ ಇಲ್ಲ. ಅವೆರಡನ್ನೂ ದಯವಿಟ್ಟು ತೆಗೆಯಿರಿ.

ನಿಮ್ಮ ಕೈಯಲ್ಲಿದ್ದ ನಿಜವಾದ ಸಂಪತ್ತನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಹೋಗಿದ್ದೀರಿ. 1600ರಲ್ಲಿ ಅಚ್ಚಾದ ‘ನಾಲ್ಕನೆಯ ಹೆನ್ರಿ’ ನಾಟಕದ ಎರಡನೆಯ ಭಾಗದಲ್ಲಿ, ಇಬ್ಬರು ಹೆಂಗಸರನ್ನು ಸೆರೆಗೆ ಎಳೆದೊಯ್ಯುವ ಅಧಿಕಾರಿಯ ಮಾತುಗಳ ಮುಂದೆ ಪಾತ್ರದ ಹೆಸರಿಗೆ ಬದಲಾಗಿ ‘ಸಿಂಕ್ಲೊ’ ಎಂದೇ ಇದೆ. ಆ ಹೆಂಗಸರ ಬೈಗುಳಗಳೋ ಎಲುಬು, ಅಸ್ಥಿಪಂಜರ ಎಂದು ಅವನ ಮೈಯ ಸುತ್ತಲೇ ಸುತ್ತುತ್ತವೆ. ಬರೆಯುವಾಗ ನಾಟಕಕಾರನ ಕಣ್ಣೆದುರು ಈ ನಟನೇ ನಿಂತಿದ್ದನೆಂದು ಊಹಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇಕೆ? ಷೇಕ್ಸ್‌ಪಿಯರ್‌ನ ನಾಟಕಗಳನ್ನು ಒಟ್ಟುಗೂಡಿಸಿದ 1623ರ ಸಂಪುಟದಲ್ಲಿ ಆ ದೃಶ್ಯದಿಂದ ಅವನ ಹೆಸರು ಮಾಯವಾಗಿದೆ, ಸಂಪುಟದ ಮೊದಲಿಗೆ ಕೊಟ್ಟ 26 ಪ್ರಮುಖ ನಟರ ಪಟ್ಟಿಯಲ್ಲೂ ಅವನಿಲ್ಲ. ಆದರೂ ‘ಆರನೆಯ ಹೆನ್ರಿ’ಯ ಮೂರನೆಯ ಭಾಗದಲ್ಲಿ, ಅಡ್ಡಬಿಲ್ಲು ಹಿಡಿದು ಬರುವ ಬೇಟೆಗಾಡಿನ ಕಾವಲುಗಾರನ ಜಾಗದಲ್ಲಿ, ಅದೇ ಹೆಸರು ಉಳಿದುಕೊಂಡಿದೆ.

‘ಅವನನ್ನು ಯಾರೂ ಗುರುತಿಸಲಿಲ್ಲ’ ಎಂದು ನಾಲ್ಕು ಕಡೆ ಮರುಗುವ ಬದಲು ಕಂಪನಿಯ ವ್ಯವಸ್ಥೆಯನ್ನು ವಿವರಿಸಿ. ಪಾಲುದಾರ ನಟರು ಲಾಭವನ್ನು ಹಂಚಿಕೊಳ್ಳುತ್ತಿದ್ದರು. ಉಳಿದವರು ವಾರದ ಕೂಲಿಗೆ ದುಡಿಯುತ್ತ ಒಂದೇ ನಾಟಕದಲ್ಲಿ ಹಲವು ಸಣ್ಣ ಪಾರ್ಟುಗಳನ್ನು ಮಾಡುತ್ತಿದ್ದರು. 1597ರಲ್ಲಿ ರಂಗಮಂದಿರದ ಒಡೆಯ ಹೆನ್ಸ್ಲೋ ಇಂಥ ಒಬ್ಬ ನಟನಿಗೆ ಒಪ್ಪಿಕೊಂಡದ್ದು ಲಂಡನ್ನಿನಲ್ಲಿ ವಾರಕ್ಕೆ 10 ಷಿಲಿಂಗ್, ಹೊರಗಿನ ಊರುಗಳಲ್ಲಿ 5. ಸಿಂಕ್ಲೊನ ಕೂಲಿಯೂ ಇಷ್ಟೇ ಎಂದು ಮಾತ್ರ ಬರೆಯಬೇಡಿ.

1604ರಲ್ಲಿ ಅಚ್ಚಾದ ‘ದಿ ಮಾಲ್‌ಕಂಟೆಂಟ್’ ನಾಟಕದ ಪೀಠಿಕಾ ದೃಶ್ಯವನ್ನು ನೀವು ಮುಟ್ಟಿಯೇ ಇಲ್ಲ. ಅಲ್ಲಿ ಜೊತೆಯ ನಟನೊಬ್ಬ ತನ್ನ ಕಾಲುಗಳ ನಡುವೆ ಕೂರಲು ಕರೆದಾಗ, ಪ್ರೇಕ್ಷಕರು ನನ್ನನ್ನು ಕಾಲುಗಳ ನಡುವೆ ಇಟ್ಟು ನುಡಿಸುವ ತಂತಿವಾದ್ಯವೆಂದು ತಿಳಿದಾರು ಎಂದು ಸಿಂಕ್ಲೊ ಹಿಂಜರಿಯುತ್ತಾನೆ. ನಾಲ್ಕು ವರ್ಷ ಮೊದಲು ಅಚ್ಚಾದ ಪುಟದಲ್ಲಿ ಬೇರೆಯವರು ಅಣಕಿಸಿದ ಮೈಯನ್ನು ಇಲ್ಲಿ ಅವನೇ ನಗೆಯಾಗಿಸುತ್ತಾನೆ. ಲೇಖನವನ್ನು ಇಲ್ಲಿಂದ ಆರಂಭಿಸಿ, ತಿದ್ದಿ ಮತ್ತೆ ಕಳುಹಿಸಿ, ನಾನು ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ