ಸೈಟಿಗೆ ಅವರನ್ನೂ ಕರೆದುಕೊಂಡು ಹೋಗಿ

(ಹುಬ್ಬಳ್ಳಿಯ ಓದುಗರೊಬ್ಬರ ಪತ್ರ. ಕಟ್ಟಡ ಕಟ್ಟುವ ಕಂಪನಿಯಲ್ಲಿ ಹಿರಿಯ ಇಂಜಿನಿಯರ್. ಹೆಸರು ಬೇಡ ಎಂದಿದ್ದಾರೆ. "ಆಫೀಸಿನಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ತರಬೇತಿ ಆಯ್ತು. ಅವತ್ತಿನಿಂದ ನಾನು ಸೈಟಿಗೆ ಹುಡುಗರನ್ನಷ್ಟೇ ಕರೆದೊಯ್ಯುತ್ತೇನೆ. ಇಬ್ಬರು ಹುಡುಗಿಯರಿಗೆ ಡ್ರಾಯಿಂಗ್ ಕೆಲಸ ಕೊಟ್ಟಿದ್ದೇನೆ. ಮೊದಲೆಲ್ಲ ಭೇಷ್ ಅಂತ ಎಲ್ಲರ ಬೆನ್ನು ತಟ್ಟುತ್ತಿದ್ದೆ, ಈಗ ಅದೂ ಇಲ್ಲ. ಒಂದು ಸುಳ್ಳು ದೂರು ಬಂದರೆ 26 ವರ್ಷದ ಹೆಸರು ಹೋಗುತ್ತೆ. ನಾನು ಮಾಡಿದ್ದು ತಪ್ಪಾ?")

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ನಿಜವಾಗಿಯೂ ಭಯವಾಗಿದೆ. ಆದರೂ ಕೇಳಿದ್ದೀರಿ, ಹೇಳುತ್ತೇನೆ: ಹೌದು, ತಪ್ಪು.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಆಗ ನಾನು ಒಂದು ಪತ್ರಿಕೆಯಲ್ಲಿ ಹೊಸಬಳು. ರಾತ್ರಿ ಪಾಳಿಯಲ್ಲಿ ಮುಖಪುಟ ಕಟ್ಟುತ್ತಿದ್ದೆವು. ಹಿರಿಯರೊಬ್ಬರು ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತು, ನಾನು ಬರೆದ ತಲೆಬರಹದಲ್ಲಿ ಒಂದೊಂದೇ ಪದ ಹೊಡೆದು ಹಾಕಿಸುತ್ತಿದ್ದರು. ಕೆಲಸ ಕಲಿತಿದ್ದು ಅಲ್ಲೇ. ಅದೇ ಪಾಳಿಯಲ್ಲಿ ಇನ್ನೊಬ್ಬರಿದ್ದರು. ಪುಟ ನೋಡುವ ನೆಪದಲ್ಲಿ ಹಿಂದಿನಿಂದ ಬಂದು ಕುರ್ಚಿಯ ಮೇಲೆ ಬಾಗುತ್ತಿದ್ದರು, ಉಸಿರು ಕುತ್ತಿಗೆಗೆ ತಾಗುವಷ್ಟು. ನಾವು ಹುಡುಗಿಯರು ಕುರ್ಚಿಯನ್ನು ಗೋಡೆಗೆ ಒತ್ತಿ ಕೂರುವುದನ್ನು ಕಲಿತೆವು. ಕೊನೆಗೆ ವಿಷಯ ಮೇಲಿನವರಿಗೆ ಗೊತ್ತಾಯಿತು. ಏನು ಮಾಡಿದರು ಗೊತ್ತಾ? ನಮ್ಮನ್ನೇ ರಾತ್ರಿ ಪಾಳಿಯಿಂದ ತೆಗೆದರು. 'ನಿಮ್ಮ ಒಳ್ಳೇದಕ್ಕೇ' ಅಂದರು. ಆತ ಅಲ್ಲೇ ಉಳಿದ. ನನಗೆ ಮುಖಪುಟದ ಕೆಲಸ ಮತ್ತೆ ಸಿಗಲು ಎರಡು ವರ್ಷ ಬೇಕಾಯಿತು.

ನೀವು ಆತನಂಥವರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಇಬ್ಬರು ಹುಡುಗಿಯರಿಗೆ ಆಗುತ್ತಿರುವುದು ನನಗೆ ಆಗಿದ್ದೇ. ಸ್ಲ್ಯಾಬ್ ಹಾಕುವ ದಿನ ಸೈಟಿನಲ್ಲಿ ಏನೇನಾಗುತ್ತೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರಾ, ಸೆಂಟ್ರಿಂಗ್ ಅಲುಗಾಡುತ್ತಿದೆಯಾ, ಮೇಸ್ತ್ರಿ ನೀರು ಜಾಸ್ತಿ ಸುರಿಯುತ್ತಿದ್ದಾನಾ ಅನ್ನೋದು ಡ್ರಾಯಿಂಗ್‌ನಲ್ಲಿ ಕಾಣುವುದಿಲ್ಲ. ಹುಡುಗರು ಅದನ್ನು ನಿಮ್ಮ ಜೊತೆ ನಿಂತು, ಟೀ ಕುಡಿಯುತ್ತಾ ಕಲಿಯುತ್ತಿದ್ದಾರೆ. ಮೂರು ವರ್ಷದ ನಂತರ ಪ್ರಮೋಷನ್ ಬಂದಾಗ 'ಆ ಹುಡುಗಿಗೆ ಸೈಟ್ ಅನುಭವ ಇಲ್ಲ' ಅಂತ ಬರೆಯುವವರು ಯಾರು? ನೀವೇ ಅಲ್ವಾ?

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಈ ಕಾನೂನು ಹುಟ್ಟಿದ್ದೇ ಕೆಲಸಕ್ಕೆ ಅಂತ ಹೊರಗೆ ಹೋದ ಒಬ್ಬ ಹೆಂಗಸಿನಿಂದ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಮಹಿಳಾ ಕಾರ್ಯಕ್ರಮದಲ್ಲಿ 'ಸಾಥಿನ್', ಅಂದರೆ ಹಳ್ಳಿಯ ಕಾರ್ಯಕರ್ತೆ ಆಗಿದ್ದರು. 1992ರಲ್ಲಿ ಒಂದು ಬಾಲ್ಯವಿವಾಹ ತಡೆಯಲು ಹೋದರು. ಅದೇ ಸಿಟ್ಟಿಗೆ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಹಿನ್ನೆಲೆಯಲ್ಲೇ 1997ರಲ್ಲಿ, ಕೆಲಸದ ಜಾಗದ ಕಿರುಕುಳ ತಡೆಯಲು ನಿಯಮ ಹಾಕಿಕೊಟ್ಟ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆ ಬಂತು. ಕೆಲಸದ ಮೇಲೆ ಹೋಗುವ ಯಾವ ಜಾಗವೂ, ಕಂಪನಿ ಕೊಡುವ ಗಾಡಿಯೂ ಅದರಲ್ಲಿ 'ಕೆಲಸದ ಸ್ಥಳ'ವೇ. ಅಂದರೆ ನಿಮ್ಮ ಸೈಟು, ನಿಮ್ಮ ಜೀಪು ಎರಡೂ. ಹೆಂಗಸರು ಹೊರಗೆ ಹೋಗುತ್ತಾರೆ, ಹೋಗಲೇಬೇಕು ಅಂತ ಗೊತ್ತಿದ್ದೇ ಹಾಗೆ ಬರೆದಿದ್ದಾರೆ.

ಸುಳ್ಳು ದೂರಿನ ಮಾತಿಗೆ ಬರೋಣ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸಲು ಆಂತರಿಕ ಸಮಿತಿ ಇರಬೇಕು. ಅದರಲ್ಲಿ ಹೊರಗಿನವರೊಬ್ಬರು ಇರುತ್ತಾರೆ. ಸಮಿತಿ ಇಬ್ಬರ ಮಾತನ್ನೂ ಕೇಳಬೇಕು, 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ಹೆಸರುಗಳನ್ನು ಹೊರಗೆ ಬಿಡುವಂತಿಲ್ಲ, ನಿಮ್ಮದನ್ನೂ ಕೂಡ. ಬೇಕಂತಲೇ ಸುಳ್ಳು ಹೇಳಿದರೆ ಕ್ರಮ ತೆಗೆದುಕೊಳ್ಳಲು 14ನೇ ಕಲಂ ಇದೆ. ಆದರೆ ಸಾಬೀತಾಗದ ದೂರೆಲ್ಲ ಸುಳ್ಳಲ್ಲ ಅಂತಲೂ ಅದೇ ಕಲಂ ಹೇಳುತ್ತೆ. ಇದನ್ನು ನಿಮ್ಮ ತರಬೇತಿಯಲ್ಲಿ ಬಿಡಿಸಿ ಹೇಳಿಲ್ಲ ಅನ್ಸುತ್ತೆ. ಸುಮ್ನೆ ಹೆದರಿಸಿ ಕಳಿಸಿದ್ದಾರೆ.

ಬೆನ್ನು ತಟ್ಟುವ ವಿಷಯ. ಎದುರಿನವರಿಗೆ ಅದು ಬೇಡವಾಗಿತ್ತಾ ಅನ್ನೋದನ್ನು ಕಾನೂನು ನೋಡುತ್ತೆ. ಬಾಯಲ್ಲಿ 'ಭೇಷ್' ಅಂದರೆ ಸಾಕು ಸರ್. ಹುಡುಗರಿಗೂ ಅಷ್ಟೇ ಸಾಕು.

ಇನ್ನೊಂದು ಮಾತು ಕೇಳಲೇಬೇಕು. ನಿಮ್ಮ ಸೈಟಿನಲ್ಲಿ ಈಗ ಹೆಂಗಸರೇ ಇಲ್ಲವೇ? ಬಾಂಡ್ಲಿ ಹೊತ್ತು ಏಣಿ ಹತ್ತುವವರು ಯಾರು? ಅವರ ಜೊತೆ ಮಾತಾಡಲು ಯಾರಿಗೂ ಭಯವಾಗಿಲ್ಲ, ಯಾಕೆಂದರೆ ಅವರು ದೂರು ಕೊಡುತ್ತಾರೆ ಅಂತ ಯಾರೂ ಅಂದುಕೊಂಡಿಲ್ಲ. ಆಂತರಿಕ ಸಮಿತಿ ಇಲ್ಲದ ಕಡೆ ದುಡಿಯುವ ಇಂಥವರು ದೂರು ಕೊಡಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು ಅಂತ ಇದೇ ಕಾಯ್ದೆ ಹೇಳುತ್ತೆ. ಕಾಂಟ್ರಾಕ್ಟರ್ ಶೆಡ್ಡಿನ ಗೋಡೆಗೆ ಅದರ ವಿಳಾಸ ಅಂಟಿಸಲು ನಿಮಗೆ ಹತ್ತು ನಿಮಿಷ ಸಾಕು.

ಮುಂದಿನ ಸ್ಲ್ಯಾಬಿಗೆ ಆ ಇಬ್ಬರನ್ನೂ ಹುಡುಗರ ಜೊತೆಯಲ್ಲೇ ಕರೆದುಕೊಂಡು ಹೋಗಿ. ಅದಕ್ಕೂ ಹಿಂದಿನ ದಿನ ನೀವೊಬ್ಬರೇ ಒಮ್ಮೆ ಹೋಗಿ ಬನ್ನಿ. ಅಲ್ಲಿ ಹೆಂಗಸರಿಗೆ ಅಂತ ಒಂದು ಟಾಯ್ಲೆಟ್ ಇದೆಯಾ, ಅದರ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ ನೋಡಿ.

– ಸಂಪಾದಕಿ